ಚೀಲದ ತಳಕ್ಕೆ ಕೈ

ನಿನ್ನೆ ಬೆಳಿಗ್ಗೆ ಪೇಪರಿನ ಮಡಿಕೆಯಿಂದ ನುಣುಪಾದ ಚೀಟಿಯೊಂದು ಜಾರಿ ನನ್ನ ಚಹಾದ ಕಪ್ಪಿನ ಪಕ್ಕ ಬಿತ್ತು. ಒಂದು ಹಸಿರು ಮರ, ಅದರ ಕೆಳಗೆ ಹಳದಿ ಟೊಪ್ಪಿಗೆ ಹಾಕಿಕೊಂಡು ನಗುವ ಮನುಷ್ಯ. ಪುಣೆಯ ವಿಮಾನ ನಗರದ ಯಾವುದೋ ಕಂಪನಿ, ನಿಮ್ಮ ಮರಗಳ ಆರೈಕೆ ನಮಗೆ ಬಿಡಿ ಎಂದು ಮರಾಠಿಯಲ್ಲಿ ಕೇಳಿಕೊಂಡಿತ್ತು. ಓದಿದವಳು ಸುಮ್ಮನೆ ಪಕ್ಕಕ್ಕಿಡಬೇಕಿತ್ತು. ಅದನ್ನು ತಿರುಗಿಸಿ ಹಿಂಬದಿ ನೋಡಿದೆ. ಎದುರಿಗೆ ಕಂಡದ್ದನ್ನು ನಂಬದ ಈ ಚಟ ನನಗೆ ತವರಿನಿಂದ ಬಂದದ್ದಲ್ಲ, ಮಾವನವರಿಂದ ಬಂದದ್ದು.

ಮಾವನವರು ಮಾರ್ಕೆಟ್ ಯಾರ್ಡಿನಲ್ಲಿ ಒಣಮೆಣಸಿನಕಾಯಿ ವ್ಯಾಪಾರಿ. ಸಂಜೆ ಅವರು ಮನೆಗೆ ಬರುವ ಮೊದಲು ಅವರ ಘಾಟು ಬರುತ್ತಿತ್ತು. ಧಾರವಾಡದಿಂದ ಮದುವೆಯಾಗಿ ಬಂದ ಹೊಸದರಲ್ಲಿ ಅವರು ಚಪ್ಪಲಿ ಬಿಡುವ ಸಪ್ಪಳಕ್ಕೇ ನಾನು ಸೀನುತ್ತಿದ್ದೆ. "ನಮ್ಮ ಸೊಸಿ ಸೀನಿ ಸ್ವಾಗತ ಮಾಡ್ತಾಳ ನೋಡ್ರಿ" ಎಂದು ಊರಿಗೆಲ್ಲ ಹೇಳಿಕೊಂಡು ನಗುತ್ತಿದ್ದರು. ಅಂಗಡಿಗೆ ಮಾಲು ಬಂದರೆ ಅವರು ಮೇಲಿನ ಕಾಯಿಯನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಅಂಗಿಯ ತೋಳು ಮಡಚಿ, ಮೊಳಕೈ ಮುಳುಗುವ ತನಕ ಚೀಲದೊಳಗೆ ಕೈ ಇಳಿಸಿ, ತಳದಿಂದ ಒಂದು ಹಿಡಿ ಮೇಲೆತ್ತುತ್ತಿದ್ದರು. "ಮ್ಯಾಲಿನ ಕಾಯಿ ಎಲ್ಲಾರೂ ಛಂದ ಇಡ್ತಾರವ್ವಾ. ಖರೇ ಮಾಲು ಇರೂದು ತಳದಾಗ."

ಕಲ್ಲಂಗಡಿ ಕೊಳ್ಳಲಿ, ಮನೆ ಕಟ್ಟಲು ಗೌಂಡಿಯನ್ನು ಹುಡುಕಲಿ, ಅವರದು ಇದೊಂದೇ ಶಾಸ್ತ್ರ. ನನ್ನನ್ನು ನೋಡಲು ಬಂದಾಗಲೂ ಉಪ್ಪಿಟ್ಟು ತಿಂದವರೇ, "ಹಿತ್ತಲಾ ನೋಡೂಣೇನ್ರಿ?" ಎಂದು ಎದ್ದುಬಿಟ್ಟಿದ್ದರು. ಹಿತ್ತಿಲಲ್ಲಿ ತಿಕ್ಕದ ಪಾತ್ರೆಗಳ ರಾಶಿ ಬಿದ್ದಿತ್ತು, ಅದನ್ನು ತಿಕ್ಕಬೇಕಾದವಳು ನಾನೇ. ಆದರೂ ನನ್ನನ್ನು ಹೇಗೆ ಪಾಸು ಮಾಡಿದರೋ ದೇವರಿಗೇ ಗೊತ್ತು.

ಪುಣೆಯ ನಮ್ಮ ಮನೆಯ ಹಿಂದೆ ಒಂದು ಮಾವಿನ ಮರವಿದೆ. ಮಾವನವರು ಊರು ಬಿಟ್ಟು ಇಲ್ಲಿ ಮನೆ ಕಟ್ಟಿದಾಗ ನೆಟ್ಟದ್ದು. "ಈ ಊರಾಗ ನಾ ಬೇರು ಬಿಟ್ಟೆ ಅನ್ನಾಕ ಇದೊಂದ ಸಾಕ್ಷಿ ಅದ" ಎನ್ನುತ್ತಿದ್ದರು. ತೊಂಬತ್ತರ ದಶಕದ ನಡುವೆ ಅದರ ದಪ್ಪ ಟೊಂಗೆಯೊಂದು ನಮ್ಮ ಹಿಂದಿನ ಖೋಲಿಯ ತಗಡಿನ ಮೇಲೆ ಹಾದು, ಪಕ್ಕದ ಮನೆಯ ನಾನಾ ಅವರ ಮಾಡಿನ ತನಕ ಚಾಚಿತ್ತು. ನಾನಾ ನಿವೃತ್ತ ಮೇಷ್ಟ್ರು. ಗಾಳಿ ಬಂದರೆ ಟೊಂಗೆ ಕರಕರ ಎನ್ನುತ್ತಿತ್ತು, ಅದರ ಜೊತೆಗೆ ನಾನಾ ಕೂಡ. ಒಂದು ಫಾಲ್ಗುಣದಲ್ಲಿ ಬಂದು ಖಡಾಖಂಡಿತವಾಗಿ ಹೇಳಿದರು: ಮಳೆಗೆ ಮೊದಲು ಇದಕ್ಕೊಂದು ದಾರಿ ಕಾಣಿಸದಿದ್ದರೆ, ಇಡೀ ಮರವನ್ನೇ ತೆಗೆಸಲು ಕಾರ್ಪೋರೇಶನ್ನಿಗೆ ಅರ್ಜಿ ಕೊಡುತ್ತೇನೆ. ಅವರ ತಲೆಯ ಚಿಂತೆ ಅವರಿಗೆ, ತಪ್ಪೇನಿದೆ? ನಮ್ಮತ್ತೆಯೂ ಅವರ ಪಕ್ಷ ಸೇರಿದರು. "ಗಿಡ ಹೋದರ ಹೋಗ್ಲಿ, ಜೀವ ಉಳೀಲಿ."

ಹೋಳಿ ಹತ್ತಿರವಿತ್ತು. ಕೊಡಲಿ ಹೊತ್ತ ಇಬ್ಬರು ತಾವಾಗಿಯೇ ಬಂದರು, ಬಿಟ್ಟಿ ಕಡಿದುಕೊಡುತ್ತೇವೆ ಎಂದರು. ಮಾವನವರು ಚಹಾ ಕುಡಿಸಿ ಕಳಿಸಿಬಿಟ್ಟರು. "ಹೋಳಿ ಮುಂದ ಬಂದಾವ ಗಿಡಕ್ಕ ಬಂದಿರೂದಿಲ್ಲ, ಕಟ್ಟಿಗಿಗೆ ಬಂದಿರ್ತಾನ." ಆಮೇಲೆ ಟೊಂಗೆ ಕಡಿಸಿಕೊಡುತ್ತೇನೆ ಎಂದು ಇಸ್ತ್ರಿ ಅಂಗಿಯ ಗೃಹಸ್ಥನೊಬ್ಬ ಬಂದ. ಎಂಥ ನಯ, ಎಂಥ ವಿನಯ! ನನಗಂತೂ ಭಾರಿ ಹಿಡಿಸಿದ. ಮಾವನವರು ಕೇಳಿದ್ದು ಒಂದೇ ಮಾತು: ಹೋದ ವರ್ಷ ನೀವು ಟೊಂಗೆ ಕಡಿದ ಮರ ತೋರಿಸಿ. ಆತ ಖುಷಿಯಿಂದ ಒಂದು ಗುಲ್‌ಮೊಹರಿನ ಹತ್ತಿರ ಕರೆದೊಯ್ದ. ಎದುರಿನಿಂದ ಹಚ್ಚಹಸಿರು. ಮಾವನವರು ಸುತ್ತು ಹಾಕಿ ಹಿಂದೆ ಹೋದರು. ಅಲ್ಲಿ ಗೇಣುದ್ದ ಮೋಟು ಉಳಿದು, ಕೊಳೆತು, ಒಳಗೆ ಇರುವೆಗಳ ಸಂತೆ ನೆರೆದಿತ್ತು. "ತಳದ ಕಾಯಿ ಕೊಳತಾವು, ನಡಿಯವ್ವಾ" ಎಂದರು, ಮನೆಗೆ ಬಂದೆವು.

ಅಲ್ಲಿಂದ ಮುಂದೆ ಅವರ ಸ್ಕೂಟರಿನ ಹಿಂದೆ ಕೂರುವುದೇ ಒಂದು ಶಿಕ್ಷೆಯಾಯಿತು. ತರಕಾರಿ ಕೊಂಡು ಮನೆಗೆ ಹೊರಟವರು ನಡುರಸ್ತೆಯಲ್ಲಿ ಗಕ್ಕನೆ ಬ್ರೇಕು ಹಾಕುವುದು, ಯಾರದೋ ಕಂಪೌಂಡಿನ ಮರದ ಬೆನ್ನು ಸವರುವುದು. ಕೊತ್ತಂಬರಿ ಕಟ್ಟು ಹಿಡಿದು ನಿಂತ ನನ್ನನ್ನು ಜನ ಹೇಗೆ ನೋಡಿರಬಹುದು, ನೀವೇ ಹೇಳಿ. ಕೊನೆಗೊಂದು ಬೇವಿನ ಮರದಲ್ಲಿ ಅವರು ಹುಡುಕುತ್ತಿದ್ದದ್ದು ಸಿಕ್ಕಿತು. ಹಳೆಯ ಗಾಯದ ಸುತ್ತ ತೊಗಟೆ ಬಳೆಯ ಹಾಗೆ ದುಂಡಗೆ ಉಬ್ಬಿ, ನಾಲ್ಕೂ ಕಡೆಯಿಂದ ಒಳಕ್ಕೆ ಕೂಡಿಕೊಳ್ಳುತ್ತಿತ್ತು. ಆ ಮನೆಯವರನ್ನು ಕೇಳಿದರೆ, ತಳೇಗಾಂವ ದಾಭಾಡೆಯ ಪೋಪಟ ಎಂಬವನ ಕೆಲಸ ಎಂದರು. ಭಾನುವಾರ ಲೋಕಲ್ ರೈಲು ಹತ್ತಿ ಹೋದೆವು.

ಪೋಪಟನನ್ನು ನೋಡಿ ನನ್ನ ಜೀವ ಝಲ್ಲೆಂದಿತು. ಕಣ್ಣಿಗೆ ಕಪ್ಪು ಗಾಗಲ್, ಕೊರಳಿಗೆ ಹಗ್ಗದಂಥ ಸರ, ಬಾಯಿ ತುಂಬ ಗುಟ್ಕಾ. ಲೋಣಾವಳದ ತನಕ ತನ್ನಂಥವನು ಇನ್ನೊಬ್ಬನಿಲ್ಲ ಎಂದು ನಾವು ಕೂರುವ ಮೊದಲೇ ಹೇಳಿ ಮುಗಿಸಿದ. "ಮಾವಾರ, ಇವನ ಮ್ಯಾಲಿನ ಕಾಯಿ ಭಾಳ ಕೆಟ್ಟಾವ್ರಿ" ಎಂದು ಪಿಸುಗುಟ್ಟಿದೆ. "ತಳಾ ನೋಡೀನಲ್ಲವ್ವಾ, ಸುಮ್ನಿರು" ಎಂದರು.

ಪೋಪಟ ಬಂದು ಮರ ನೋಡಿದ. ಈಗ ಕೈ ಹಚ್ಚುವುದಿಲ್ಲ ಎಂದ. ಮರ ಹೂ ಬಿಟ್ಟಿದೆ, ಕಾಯಿ ಇಳಿಯಲಿ, ಮೊದಲ ಮಳೆಗೆ ಮುಂಚೆ ಬರುತ್ತೇನೆ ಎಂದು ಟೊಂಗೆಗೆ ಒಂದು ಆಸರೆಯ ಕಂಬ ನಿಲ್ಲಿಸಿ ಹೊರಟುಹೋದ. "ಅಷ್ಟರೊಳಗೆ ಬಿದ್ದರೆ?" ನಾನಾ ಕೇಳಿದರು. ಮಾವನವರು ಸಂಜೆ ತಮ್ಮ ಮಂಚವನ್ನು ಎಳೆದುಕೊಂಡು ಹೋಗಿ ಹಿಂದಿನ ಖೋಲಿಯಲ್ಲಿ, ಸರಿಯಾಗಿ ಆ ಟೊಂಗೆಯ ಕೆಳಗೆ ಹಾಕಿಕೊಂಡರು. "ಬಿದ್ದರ ಮೊದಲ ನನ್ನ ಮ್ಯಾಲ ಬೀಳ್ತದ. ನಾನಾಗ ಹೇಳ್ರಿ."

ಅತ್ತೆ ಅತ್ತರು, ನನ್ನ ಗಂಡ ಹಾರಾಡಿದರು. ಮನುಷ್ಯ ಜಗ್ಗಲಿಲ್ಲ. ವೈಶಾಖದ ಒಂದು ಇಳಿಹೊತ್ತು ಆಕಾಶ ಕಪ್ಪಿಟ್ಟು ಅಡ್ಡಮಳೆ ಹೊಡೆಯತೊಡಗಿತು. ಟೊಂಗೆ ನರಳುತ್ತಿತ್ತು, ತಗಡಿನ ಮೇಲೆ ಕಾಯಿಗಳು ದಬದಬ ಬೀಳುತ್ತಿದ್ದವು. ನಾವೆಲ್ಲ ಪಡಸಾಲೆಯಲ್ಲಿ ಜೀವ ಕೈಯಲ್ಲಿ ಹಿಡಿದು ನಿಂತಿದ್ದೆವು. ಮಾವನವರು ಖೋಲಿಯಿಂದ ಹೊರಗೆ ಬರಲಿಲ್ಲ. ಬಂದವರು ನಾನಾ. ಕೊಡೆ ಹಿಡಿದು, ನಮ್ಮ ಯಾರ ಮುಖವನ್ನೂ ನೋಡದೆ ಒಳಗೆ ನಡೆದು, ಮಾವನವರ ಮಂಚದ ಅಂಚಿಗೆ ಕೂತರು. ಗಾಳಿ ನಿಲ್ಲುವ ತನಕ ಇಬ್ಬರೂ ಈರುಳ್ಳಿಯ ಧಾರಣೆ ಮಾತಾಡುತ್ತಿದ್ದರು. ಅರ್ಜಿಯ ಮಾತು ಮತ್ತೆ ಬರಲೇ ಇಲ್ಲ.

ಕಾಯಿ ಇಳಿದ ಮೇಲೆ, ಕಾರ್ಪೋರೇಶನ್ನಿನ ಪರವಾನಗಿಯೂ ಕೈಗೆ ಬಂದ ಮೇಲೆ, ಪೋಪಟ ಹಗ್ಗ ಕಟ್ಟಿ ಟೊಂಗೆಯನ್ನು ತುಂಡು ತುಂಡಾಗಿ ಇಳಿಸಿದ. ಟೊಂಗೆಯ ಬುಡದ ಉಬ್ಬಿದ ತೊಗಟೆಗೆ ಗರಗಸ ತಾಗಿಸಲಿಲ್ಲ, ಗಾಯ ಮುಚ್ಚುವುದು ಅದೇ ಎಂದ. ತಟ್ಟೆಯಗಲದ ಗಾಯ ಕಂಡು ನಾನಾ ಮತ್ತೆ ಅನುಮಾನಿಸಿದರು: ಇಲ್ಲಿಂದ ಕೊಳೆ ಹಿಡಿದು ಇಡೀ ಮರ ನನ್ನ ಮೇಲೆ ಬಂದರೆ? "ಈ ಗಾಯ ಮುಚ್ಚೋತನಕಾ ನಾ ಜಿಮ್ಮೇದಾರ" ಎಂದು ಮಾವನವರು ಹೊಣೆ ಹೊತ್ತರು.

ಪ್ರತಿ ವರ್ಷ ಮಾವು ಮುಗಿದ ಮೇಲೆ ಸ್ಟೂಲ್ ಹತ್ತಿ ಗಾಯದ ಮೇಲೆ ಅಂಗೈ ಇಟ್ಟು ನೋಡುತ್ತಿದ್ದರು. ಇಳಿದು ಗೋಡೆಯಾಚೆಗೆ ಕೂಗುತ್ತಿದ್ದರು: "ನಾನಾ, ಇನ್ನೂ ಸಣ್ಣದಾಗಿದೆ!" ಕೊನೆಯ ಸಲ ಹತ್ತಿದಾಗ ಹೆಬ್ಬೆರಳು ತೂರುವಷ್ಟು ತೂತು ಉಳಿದಿತ್ತು. ಆ ವರ್ಷವೇ ಅವರು ಹೋದರು. ಆಮೇಲೆ ನಾನು ಸ್ಟೂಲ್ ಹತ್ತಲಿಲ್ಲ. ಒಳಗೆ ಕೊಳೆತಿದ್ದರೆ? ಅಂಥ ಮನುಷ್ಯನ ಮಾತು ಸುಳ್ಳಾಗುವುದನ್ನು ನೋಡುವ ಧೈರ್ಯ ನನಗಿರಲಿಲ್ಲ.

ನಿನ್ನೆ ಮಧ್ಯಾಹ್ನ ಆ ಚೀಟಿಯ ಕಂಪನಿಯಿಂದಲೇ ತರುಣಿಯೊಬ್ಬಳು ಬಾಗಿಲಿಗೆ ಬಂದಳು. ಮಾವು ಬಹಳ ದಟ್ಟವಾಗಿದೆ, ಈ ವಾರವೇ ಟೊಂಗೆ ಸವರೋಣ ಎಂದಳು. "ಹೂ ಬಿಟ್ಟಿದೆಯಲ್ಲಮ್ಮ, ಕಾಯಿ ಇಳಿಯಲಿ. ಅಷ್ಟರಲ್ಲಿ ಹೋದ ವರ್ಷ ನೀವು ಟೊಂಗೆ ಕಡಿದ ಒಂದು ಮರ ತೋರಿಸು" ಎಂದೆ. ನನ್ನ ದನಿ ನನಗೇ ಮಾವನವರದಂತೆ ಕೇಳಿಸಿತು. ಅವಳು ನಕ್ಕು ಒಪ್ಪಿಕೊಂಡಳು. ಆಮೇಲೆ ಮರದ ಸುತ್ತ ಒಂದು ಸುತ್ತು ಬಂದು ಕೇಳಿದಳು: "ಇದಕ್ಕೆ ಇಲ್ಲಿಯ ತನಕ ಗರಗಸವೇ ಬಿದ್ದಿಲ್ಲವಾ?"

ಬಿದ್ದಿದೆ, ಅಲ್ಲಿ ನೋಡು ಎಂದೆ. ಎಲ್ಲಿ ಎಂದಳು. ನಾನು ಸ್ಟೂಲ್ ತಂದು ಹತ್ತಿದೆ. ತಡಕಿದೆ. ಹೆಬ್ಬೆರಳು ಒಳಗೆ ಹೋಗಲಿಲ್ಲ. ಮಗುವಿನ ಹೊಕ್ಕುಳಿನಷ್ಟು ತಗ್ಗು, ಅದರ ತುಂಬ ಗಟ್ಟಿ ತೊಗಟೆ.

"ನಾನಾ! ಮುಚ್ಚಿತು!" ಎಂದು ಗೋಡೆಯಾಚೆಗೆ ಮರಾಠಿಯಲ್ಲಿ ಕೂಗಿದೆ. ಈಗ ಅವರಿಗೆ ಕೋಲು ಬೇಕು, ಕಿವಿಯೂ ಮಂದ. ನಿಧಾನಕ್ಕೆ ಬಂದು, ಗೋಡೆ ಹಿಡಿದು ನಿಂತು, ಬಹಳ ಹೊತ್ತು ಮೇಲೆ ನೋಡಿದರು.

"ಕೆಳಗಿಳಿ ಮಗಳೇ" ಎಂದರು, "ನಿಮ್ಮ ಮಾವನ ಜಿಮ್ಮೇದಾರಿ ಮುಗಿಯಿತು."

ನಾನು ಇಳಿಯಲಿಲ್ಲ. ಆ ತರುಣಿಯ ಎದುರಿಗೇ, ಸ್ಟೂಲಿನ ಮೇಲೆ ನಿಂತು, ಆ ತಗ್ಗಿನ ಮೇಲೆ ಅಂಗೈ ಇಟ್ಟುಕೊಂಡು ಅತ್ತುಬಿಟ್ಟೆ.