ಇವರು ತುಂಬಿಸಿಟ್ಟ ಪೆಟ್ರೋಲು

ಭೂಕಂಪವಾದ ವಾರ, ಸಮುದ್ರ ತುಂಬಿಸಿ ಕಟ್ಟಿದ ನಮ್ಮ ಉರಯಾಸುವಿನ ನೆಲವೇ ಮೆತ್ತಗಾಗಿ, ಕೆಸರು ಉಕ್ಕಿ, ಫುಟ್‌ಪಾತುಗಳು ಅಲೆಗಳ ಹಾಗೆ ಎದ್ದುನಿಂತಿದ್ದವು. ಪೆಟ್ರೋಲ್ ಬಂಕುಗಳ ಮುಂದೆ ಕಾರುಗಳ ಸಾಲು. ನನ್ನ ಯಜಮಾನರು ನಮ್ಮ ಹಳೇ ಬಿಳಿ ಕಾರಿನಲ್ಲಿ ಬೆಳಗಿನಿಂದ ಆ ಸಾಲಿನಲ್ಲಿ ಕೂತು, ಸಿಕ್ಕಷ್ಟು ಹಾಕಿಸಿಕೊಂಡು ಬಂದರು.

"ಇನ್ಮೇಲೆ ಟ್ಯಾಂಕ್ ಅರ್ಧಕ್ಕೆ ಇಳಿಯೋಕೆ ಬಿಡಲ್ಲ ಕಣೇ. ಮತ್ತೆ ಏನಾದ್ರೂ ಆದ್ರೆ ಸೀದಾ ಕೋಬೆಗೆ ಹೊರಟುಬಿಡೋಣ."

ಐನೂರು ಕಿಲೋಮೀಟರಿಗೂ ದೂರದ ಕೋಬೆಯಲ್ಲಿ ಇವರ ಸ್ನೇಹಿತರಿದ್ದರು. ಅಂದಿನಿಂದ ಹಾಲಿಗೆಂದು ಮೂಲೆಯ ಕೊಂಬಿನಿ ಅಂಗಡಿಗೆ ಹೋದರೂ ವಾಪಸ್ ಬರುವಾಗ ಟ್ಯಾಂಕ್ ಫುಲ್. ಸುತ್ತಲಿನ ಎಷ್ಟೋ ಮನೆಗಳಲ್ಲಿ ಇದೇ ಅಭ್ಯಾಸವಾಗಿತ್ತು. ಕೋಬೆಗೆ ಮಾತ್ರ ನಾವು ಹೋಗಲೇ ಇಲ್ಲ.

ಇವರು ತೀರಿಕೊಂಡ ಮೇಲೆ ಕಾರು ನಿಂತಲ್ಲೇ ನಿಂತಿತು. ಕೆಲವು ಸಂಜೆ ನಾನು ಕೆಳಗಿಳಿದು, ಒಳಗೆ ಕೂತು, ಕೀ ಅರ್ಧ ತಿರುಗಿಸುತ್ತಿದ್ದೆ. ಪೆಟ್ರೋಲಿನ ಮುಳ್ಳು ನಿದ್ದೆಯಿಂದ ಏಳುವವರ ಹಾಗೆ ನಿಧಾನವಾಗಿ ಏರಿ, ತುದಿ ಮುಟ್ಟಿ, ಸ್ವಲ್ಪ ನಡುಗಿ ನಿಲ್ಲುತ್ತಿತ್ತು. ಸಾಕು, ಕೀ ತೆಗೆದು ಮೇಲೆ ಬರುತ್ತಿದ್ದೆ. ಸಿಲ್ಲಿ, ಐ ನೋ.

ಸರಕಾರಿ ತಪಾಸಣೆಯ ಸಮಯ ಬಂದಾಗ ಕಾರು ಸ್ಟಾರ್ಟ್ ಆಗಲಿಲ್ಲ. ಎಂಜಿನ್ ಕೆಮ್ಮಿ, ಪೆಟ್ರೋಲ್ ಸೋರಿಸಿ, ಸುಮ್ಮನಾಯಿತು. ಕೆಟ್ಟಿರುವ ಭಾಗ ಈಗ ಎಲ್ಲೂ ತಯಾರಾಗುವುದಿಲ್ಲ, ಗುಜರಿಗೆ ಕೊಟ್ಟುಬಿಡಿ ಎಂದು ಗ್ಯಾರೇಜಿನವರು ತಲೆಬಾಗಿ, ಬಹಳ ಪೊಲೈಟಾಗಿ ಹೇಳಿದರು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಸಗಮಿಹಾರಾದಲ್ಲಿ ರಾಕೆಟ್ಟುಗಳ ಇಂಧನದ ವಾಲ್ವುಗಳನ್ನು ಅಭ್ಯಾಸ ಮಾಡುವ ಮೈಸೂರಿನ ಹುಡುಗಿಯೊಬ್ಬಳು ಆಗಾಗ ಬಿಸಿಬೇಳೆಬಾತಿಗೆಂದು ನಮ್ಮ ಮನೆಗೆ ಬರುತ್ತಾಳೆ. ಇವರ ಕೋಬೆಯ ಮಾತು ಅವಳಿಗೂ ಗೊತ್ತು. ಮುಂದಿನ ಭಾನುವಾರ ಅವಳೇ ಬಾನೆಟ್ ಎತ್ತಿ, ಎಂಜಿನ್ನಿಗೆ ಪೆಟ್ರೋಲ್ ಅಳೆದು ಕೊಡುವ ಕಾರ್ಬುರೇಟರನ್ನು ಬಿಚ್ಚಿದಳು. ಒಳಗೆಲ್ಲ ಕಂದು ಅಂಟು. ನಾನು ಓದಿದ ಕಾನ್ವೆಂಟಿನಲ್ಲಿ ರಜೆಯ ದಿನಗಳಲ್ಲಿ ಚಾಪೆಲಿನ ಬೆಂಚುಗಳಿಗೆ ವಾರ್ನಿಷ್ ಬಳಿಯುತ್ತಿದ್ದರಲ್ಲ, ಅದೇ ವಾಸನೆ.

"ಆಂಟಿ, ಪೆಟ್ರೋಲ್ ಕೆಟ್ಟುಹೋಗಿದೆ. ಯಾವಾಗ ಹಾಕ್ಸಿದ್ದು?"

"ಅಂಕಲ್ ಹಾಕ್ಸಿದ್ದು. ಲಾಸ್ಟ್ ಟೈಮ್."

ಅವಳು ಸ್ಪ್ಯಾನರನ್ನು ಬಟ್ಟೆಯಲ್ಲಿ ಒರೆಸುತ್ತ ನಿಂತಳು. "ಪೂರ್ತಿ ತೆಗೀಲೇಬೇಕು ಆಂಟಿ. ಇಲ್ದಿದ್ರೆ ರಿಪೇರಿ ಮಾಡಿದ್ರೂ ಮತ್ತೆ ಅಂಟ್ಕೊಳತ್ತೆ."

"ಒಂದು ಬಾಟ್ಲಿ ಇಟ್ಕೋಬಹುದಾ?"

"ಗಂಗಾಜಲದ ಥರ ದೇವರ ಮನೇಲಾ? ನೀವು ದೀಪ ಹಚ್ಚಿದ ದಿನ ಬಿಲ್ಡಿಂಗೇ ಲಾಂಚ್ ಆಗತ್ತೆ."

ನಗು ಬಂತು, ಕಣ್ಣಲ್ಲಿ ನೀರೂ ಬಂತು. ಒಂದು ನಿಮಿಷ ಕೊಡಮ್ಮಾ ಎಂದು ಕಾರಿನಲ್ಲಿ ಕೂತು ಕೀ ತಿರುಗಿಸಿದೆ. ಮುಳ್ಳು ಎದ್ದಿತು, ತುದಿ ಮುಟ್ಟಿತು. ನೋಡಿದೆ. ಆಮೇಲೆ, "ಬಂಕಿನವರಿಗೆ ಫೋನ್ ಮಾಡು" ಎಂದೆ. ಅವರು ಬಂದು ತಗಡಿನ ಡಬ್ಬಗಳಿಗೆ ಎಲ್ಲವನ್ನೂ ತುಂಬಿಸಿಕೊಂಡು ಹೋದರು.

ಕಾರ್ಬುರೇಟರಿನೊಳಗೆ ಅಡಿಕೆ ಡಬ್ಬಿಯಷ್ಟು ಚಿಕ್ಕ ಹಿತ್ತಾಳೆಯ ಬುರುಡೆಯೊಂದು ಪೆಟ್ರೋಲಿನ ಮೇಲೆ ತೇಲುತ್ತಿರಬೇಕು. ಪೆಟ್ರೋಲ್ ಸಾಕಷ್ಟು ಬಂದಾಗ ಅದು ಮೇಲೇರಿ ದಾರಿ ಮುಚ್ಚುತ್ತದಂತೆ. ನಮ್ಮದು ಎಲ್ಲೋ ತೂತಾಗಿ, ತಾನೇ ಪೆಟ್ರೋಲ್ ಕುಡಿದು ಮುಳುಗಿತ್ತು. ಅವಳು ಅದನ್ನು ನನ್ನ ಹಳೇ ಪಾತ್ರೆಯ ಬಿಸಿನೀರಿನಲ್ಲಿ ಅದ್ದಿದಳು. ಬೆಸುಗೆಯ ಅಂಚಿನಿಂದ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ಎದ್ದವು. ಬಾಲ್ಕನಿಯ ಬಿಸಿಲಿನಲ್ಲಿ ಇಬ್ಬರೂ ಎಷ್ಟು ಹೊತ್ತು ಅದನ್ನೇ ನೋಡಿದೆವೋ. ಆಕಾಶದ ಬಣ್ಣ ಪಾತ್ರೆಯಲ್ಲಿ ಕದಲುತ್ತಿತ್ತು.

"ಇಲ್ಲೇ ಇದೆ ನೋಡಿ ತೂತು. ಈ ಪಾತ್ರೆ ಇನ್ನು ಅಡುಗೆಗೆ ಬೇಡ, ಆಯ್ತಾ?"

ಒಳಗಿನದನ್ನೆಲ್ಲ ಹೊರಹಾಕಿ, ಚೆನ್ನಾಗಿ ಆರಿಸಿ, ಮುಂದಿನ ಭಾನುವಾರ ತೂತನ್ನು ಬೆಸೆದಳು. ಮತ್ತೆ ಅದ್ದಿದಾಗ ಒಂದು ಗುಳ್ಳೆಯೂ ಏಳಲಿಲ್ಲ.

ಡಬ್ಬದಲ್ಲಿ ತಂದ ಹೊಸ ಪೆಟ್ರೋಲ್ ಸುರಿದು ಕೀ ತಿರುಗಿಸಿದಾಗ ಎಂಜಿನ್ ಎರಡು ಸಲ ಕೆಮ್ಮಿ, ಇವರು ಬೆಳಿಗ್ಗೆ ಕಾಫಿಗೆ ಮೊದಲು ಗಂಟಲು ಸರಿಮಾಡಿಕೊಳ್ಳುತ್ತಿದ್ದಂತೆ ಸದ್ದು ಮಾಡಿ, ಓಡತೊಡಗಿತು. ಹುಡುಗಿಯೇ ಬಂಕಿಗೆ ಓಡಿಸಿದಳು. ಟೋಪಿಯ ಹುಡುಗಿಯೊಬ್ಬಳು ಬಾಗಿ, ಫುಲ್ ಮಾಡಲೇ ಎಂದು ಕೇಳಿದಳು. ಇಷ್ಟು ವರ್ಷದ ಅಭ್ಯಾಸ, ಹೂಂ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು.

"ಸುಮಿಮಾಸೆನ್, ಕ್ಷಮಿಸಿ, ಹತ್ತೇ ಲೀಟರ್," ಎಂದೆ.

ಮುಳ್ಳು ಅರ್ಧವನ್ನೂ ಮುಟ್ಟಲಿಲ್ಲ.

"ಇಷ್ಟರಲ್ಲಿ ಕೋಬೆಗೆ ಹೋಗಕ್ಕಾಗಲ್ಲ ಆಂಟಿ."

"ಸಮುದ್ರದ ತನಕ ಹೋಗತ್ತಲ್ಲ," ಎಂದೆ. "ನಡಿ."