ಎಡಗಡೆ ಹೂವು ಕೊಟ್ಟ ಕಂಪ್ಯೂಟರು

ಇವತ್ತು ಬೆಳಿಗ್ಗೆ ಕಂಪ್ಯೂಟರು ಹಚ್ಚಿ ಇನ್ನೂ ಕುರ್ಚಿಯಲ್ಲಿ ನೆಟ್ಟಗೆ ಕೂತಿರಲಿಲ್ಲ, ಪರದೆಯ ನಡುವೆ ಒಂದು ಚಿಕ್ಕ ಚೌಕ ಎದ್ದು ನಿಂತಿತು. 'ಸದ್ಯ ನಾನು ನಿಮ್ಮ ಕಾಯಂ ಬ್ರೌಸರ್ ಅಲ್ಲ. ಮಾಡಿಕೊಳ್ಳುತ್ತೀರಾ?' ಎಂದು ಕೇಳಿತು. ನಿಮ್ಮನ್ನೂ ಕೇಳಿರುತ್ತದೆ. ವರ್ಷಾನುಗಟ್ಟಲೆ ಹಂಗಾಮಿಯಾಗಿ ದುಡಿದ ಮಾಸ್ತರರು ಹೆಡ್ ಮಾಸ್ತರರ ಮುಂದೆ ಟೋಪಿ ಹಿಚುಕುತ್ತ ನಿಂತ ಹಾಗೆ, ಅಷ್ಟು ದೈನ್ಯದಿಂದ. ನೀವು ಓದದೆಯೇ ಒಂದು ಕಡೆ ಒತ್ತಿ ಮುಂದೆ ಹೋಗಿರುತ್ತೀರಿ. ನಾನೂ ಹಾಗೆಯೇ ಮಾಡುವವನು. ನನ್ನ ಬೆರಳುಗಳು ಸುಮ್ಮನಿದ್ದದ್ದನ್ನು ಇಡೀ ಜಮಖಂಡಿಯಲ್ಲಿ ಯಾರೂ ನೋಡಿಲ್ಲ. ನಿದ್ದೆಯಲ್ಲೂ ಅವು ದಿಂಬಿನ ಮೇಲೆ ಏನೋ ಒತ್ತುತ್ತಿರುತ್ತವೆ ಎಂದು ಅವ್ವ ಬಂದವರಿಗೆಲ್ಲ ಹೇಳುತ್ತಾಳೆ. ಆದರೆ ಇವತ್ತು ಬೆರಳು ಗಾಳಿಯಲ್ಲೇ ನಿಂತಿತು. ಯಾಕೆಂದು ಹೇಳಬೇಕಾದರೆ ನಿಮ್ಮನ್ನು ನಾನು ಒಂಬತ್ತನೆಯ ಇಯತ್ತೆಯಲ್ಲಿದ್ದ ಕಾಲಕ್ಕೆ ಕರೆದುಕೊಂಡು ಹೋಗಬೇಕು. ಬರ್ರಿ, ಹೆಚ್ಚು ದೂರವಿಲ್ಲ.

ನಮ್ಮ ಮನೆಯ ಕಂಪ್ಯೂಟರಿಗೆ ಆಗಲೇ ಮನುಷ್ಯರಿಗಿಂತ ಹೆಚ್ಚಿನ ಮರ್ಯಾದೆ. ಅವ್ವ ಅದಕ್ಕೆ ಬನಹಟ್ಟಿ ಸೀರೆಯಲ್ಲಿ ಗವಸು ಹೊಲಿದಿದ್ದಳು, ಅಂಚು ಮುಂದೆ ಬರುವ ಹಾಗೆ. ಆಯಿ, ಅಂದರೆ ಅಪ್ಪನ ಅವ್ವ, ಸೋಮವಾರಕ್ಕೊಮ್ಮೆ ಅದರ ಹಣೆಗೆ ವಿಭೂತಿ ಎಳೆಯುತ್ತಿದ್ದಳು. ನಾನು ಅದರ ಪಂಡಿತ. ಪದವಿ ಹೇಗೆ ಸಿಕ್ಕಿತೆಂದರೆ, ಒಮ್ಮೆ ಅದು ಹತ್ತದೆ ಇದ್ದಾಗ ಎಲ್ಲರೂ ಹೌಹಾರಿದ್ದರು, ಗೋಡೆಯ ಸ್ವಿಚ್ಚು ಹಾಕಿಲ್ಲವೆಂದು ಮೊದಲು ಕಂಡುಹಿಡಿದವನು ನಾನು.

ಮನೆಗೆಲ್ಲ ಒಂದೇ ಮೇಲ್ ವಿಳಾಸ, ಒಂದೇ ಹಲ್ಲುಪುಡಿ ಡಬ್ಬಿಯ ಹಾಗೆ. ಯಾರಿಗೆ ಮೇಲ್ ಬಂದರೂ ಅಪ್ಪ ಕೂರಿಸಿದ್ದ ಮೇಲ್ ಡಬ್ಬಿಗೆ ಬಂದು ಬೀಳುತ್ತಿತ್ತು. ಅದರೊಳಗಿನ ಲಿಂಕು ಒತ್ತಿದರೆ ತೆರೆಯುವುದು ಅಪ್ಪನ ಬ್ರೌಸರಿನಲ್ಲಿ. ಅದು ಕಂಪ್ಯೂಟರಿನ ಜೊತೆಗೇ ಬಂದ ಮುದುಕ, ಮೈಯೆಲ್ಲ ನೀಲಿ, ಹೀಗಾಗಿ ಹೆಸರೂ ನೀಲಿ. ನಾನು ಆಟಕ್ಕೆಂದು ಇನ್ನೊಂದನ್ನು ಇಳಿಸಿಕೊಂಡಿದ್ದೆ. ಅದು ದುಂಡಗೆ, ಬಣ್ಣಬಣ್ಣವಾಗಿದ್ದದ್ದರಿಂದ ಬುಗುರಿ. ಲಿಂಕುಗಳನ್ನು ಬುಗುರಿಗೆ ವಹಿಸಿಕೊಡುವ ಮಾತೇ ಇರಲಿಲ್ಲ. ಹಿಂದೊಮ್ಮೆ ನಾನು ಏನೋ ಒತ್ತಲು ಹೋಗಿ ಇಡೀ ಪರದೆ ತಲೆಕೆಳಗಾಗಿತ್ತು. ಅದು ಸರಿಹೋಗುವ ತನಕ ಅಪ್ಪ ಕಚೇರಿಯ ಪತ್ರಗಳನ್ನು ಬಾವಲಿಯ ಹಾಗೆ ಓದಿದ್ದ. ಆಮೇಲೆ ಮನೆಯಲ್ಲಿ ಕಾನೂನಾಯಿತು: "ನಡಿಯೂದನ್ನ ಯಾರೂ ಮುಟ್ಟಬಾರದು."

ಈಗ ಅಕ್ಕನ ವಿಷಯ. ಅವ್ವನ ತವರು ತುಬಚಿ. ಅಲ್ಲಿಯ ಹೊಲ ನೀರು ಕುಡಿದು ಕುಡಿದು ಸವಳು ಹಿಡಿದಿತ್ತು. ಬೇಸಿಗೆಯಲ್ಲಿ ನೋಡಿದರೆ ಯಾರೋ ಉಪ್ಪಿನ ಚೀಲ ಒಡೆದು ಸುರುವಿದ ಹಾಗೆ ಬೆಳ್ಳಗೆ. ಅಕ್ಕ ಸಣ್ಣವಳಿದ್ದಾಗ ಆ ಮಣ್ಣನ್ನು ನಾಲಿಗೆಗೆ ಹಚ್ಚಿ "ಇದಕ್ಕ ಏನಾಗೇತಿ?" ಎಂದು ಕೇಳಿದ್ದಳಂತೆ. ಯಾರೂ ಉತ್ತರ ಕೊಡಲಿಲ್ಲ. ಹೀಗಾಗಿ ಪಿಯುಸಿ ಮುಗಿಸಿ ಧಾರವಾಡದ ಒಂದು ಕಾಲೇಜಿಗೆ, ಮಣ್ಣಿನ ಶಾಸ್ತ್ರ ಕಲಿಯಲು ಅರ್ಜಿ ಹಾಕಿದಳು.

"ಮಣ್ಣ ಕಲಿಯಾಕ ಧಾರವಾಡಕ್ಕ ಯಾಕ ಯವ್ವಾ? ಹಿತ್ತಲದಾಗ ಬೇಕಾದಷ್ಟ ಐತಿ," ಎಂದಳು ಆಯಿ.

ಅಪ್ಪನ ಮನಸ್ಸಿನಲ್ಲಿ ಊರಿನ ಕಾಲೇಜು ಇತ್ತು, ಮನೆಯಿಂದ ನಡೆದು ಹೋಗಿ ಬರುವಂಥದ್ದು. ಬೇಡ ಎಂದು ಅಪ್ಪ ಯಾವತ್ತೂ ಅನ್ನುವುದಿಲ್ಲ. "ನೋಡೂನು" ಅನ್ನುತ್ತಾನೆ. ಅಪ್ಪನ 'ನೋಡೂನು'ವಿನ ಬಾಯಿಗೆ ಬಿದ್ದ ಮಾತು ಹೊರಗೆ ಬಂದದ್ದನ್ನು ನಾವು ಕಂಡಿಲ್ಲ. ನಾನು ಕೇಳಿದ ಸೈಕಲ್ಲು ಈಗಲೂ ಅಲ್ಲೇ ಇದೆ.

ಅಂತೂ ಆ ಮೇಲ್ ಬಂತು. ಸೀಟು ಸಿಕ್ಕಿದೆ, 'ಇಲ್ಲಿ ಒತ್ತಿ' ಒಪ್ಪಿಗೆ ಕೊಡಿ, ಇವತ್ತು ಸಂಜೆಯೊಳಗೆ ಕೊಡದಿದ್ದರೆ ಮುಂದಿನವರಿಗೆ ಹೋಗುತ್ತದೆ. ಅಡುಗೆಮನೆಯಲ್ಲಿದ್ದ ಅವ್ವನನ್ನು ಬಿಟ್ಟು, ಅಕ್ಕನ ಕುರ್ಚಿಯ ಹಿಂದೆ ನಾವೆಲ್ಲ ಬಸ್‌ಸ್ಟ್ಯಾಂಡಿನ ಗದ್ದಲದಂತೆ ನಿಂತೆವು. ಅವಳು ಒತ್ತಿದಳು. ನೀಲಿ ಕೆಮ್ಮುತ್ತ ಎದ್ದ. ಮೇಲೆ ಕಾಲೇಜಿನ ಹೆಸರು ಬಂತು, ಅದರ ಕೆಳಗೆ ಒಂದು ಹಸಿರು ಗೆರೆ. ಅದರ ಕೆಳಗೆ ಏನೂ ಇಲ್ಲ. ತುಬಚಿಯ ಹೊಲಕ್ಕಿಂತ ಬೆಳ್ಳಗೆ. ಮತ್ತೆ ಒತ್ತಿದಳು, ಮತ್ತೆ ಬೆಳ್ಳಗೆ. ನಾನು ಮೌಸಿಗೆ ಉಫ್ ಎಂದು ಊದಿದೆ, ವೈರು ಅಲುಗಾಡಿಸಿದೆ, ಪರದೆಯ ಬೆನ್ನಿಗೆ ಒಂದು ಗುದ್ದು ಕೊಟ್ಟೆ. ಪಂಡಿತನ ವಿದ್ಯೆ ಅಲ್ಲಿಗೆ ಮುಗಿಯಿತು.

"ಎಡಗಡೆ ಹೂವು ಆತು ಬಿಡ್ರಿ," ಎಂದಳು ಆಯಿ.

ನಿಮಗೆ ಗೊತ್ತಿರಬಹುದು. ನಮ್ಮಲ್ಲಿ ದೊಡ್ಡ ಕೆಲಸಕ್ಕೆ ಮುಂಚೆ ಲಿಂಗದ ಎರಡೂ ಬದಿಗೆ ಒದ್ದೆ ಹೂವು ಅಂಟಿಸಿ ದೇವರನ್ನು ಕೇಳುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಬೇಡ.

ಅಪ್ಪ ಚಷ್ಮಾ ತೆಗೆದು ಒರೆಸತೊಡಗಿದ. "ದೇವರ ಮನಸಿನ್ಯಾಗ ಇಲ್ಲ ಕಾಣ್ತೈತಿ. ಏನ್ ಮಾಡಾಕ ಬರ್ತೈತಿ?" ಎಂದ. ದನಿಯಲ್ಲಿ ದುಃಖವೇನೋ ಇತ್ತು. ಆದರೆ ಹೋಗಲು ಮನಸ್ಸಿಲ್ಲದ ಊರಿನ ಬಸ್ಸು ರದ್ದಾದಾಗ ಆಗುವ ದುಃಖ ಅದು.

ಅಕ್ಕ ಅಳಲಿಲ್ಲ. ಜಡೆಯ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಳು. ಆಮೇಲೆ ನನ್ನ ಕಡೆ ತಿರುಗಿದಳು.

"ಏ ಪಂಡಿತಾ, ನಿನ್ನ ಆಟ ಯಾವದರಾಗ ತೆರಿತಿ?"

"ಬುಗುರ್ಯಾಗ."

"ನೀಲ್ಯಾಗ ಯಾಕ ತೆರಿಯಂಗಿಲ್ಲ?"

"ಅದರಾಗ ಬರೂದಿಲ್ಲಬೇ. ಬರೇ ಬೆಳ್ಳಗ..."

ನನ್ನ ಬಾಯಿ ತೆರೆದದ್ದು ಹಾಗೇ ಉಳಿಯಿತು. ಈ ಶೋಧ ನನ್ನದೆಂದು ಸಾಲಿಯಲ್ಲಿ ಎಲ್ಲರಿಗೂ ಹೇಳಿದ್ದೇನೆ. ನೀವೂ ಹಾಗೇ ತಿಳಿದುಕೊಳ್ಳಿ, ನನ್ನದೇನೂ ಅಭ್ಯಂತರವಿಲ್ಲ.

"ಅಪ್ಪಾ," ಎಂದಳು ಅಕ್ಕ, "ಮೇಲಿನ್ಯಾಗಿನ ಲಿಂಕು ಬುಗುರ್ಯಾಗ ತೆರಿಯೂವಂಗ ಬದಲಿ ಮಾಡಲೇನು?"

"ನೋಡೂನು."

ಅಷ್ಟರಲ್ಲಿ ಕರೆಂಟು ಹೋಯಿತು. ಮೇಜಿನ ಕೆಳಗಿನ ಯುಪಿಎಸ್ಸು ಟೊಂಯ್, ಟೊಂಯ್ ಎಂದು ಒದರತೊಡಗಿತು. ಅದರ ಜೀವ ಎಷ್ಟೆಂದು ಮನೆಗೆಲ್ಲ ಗೊತ್ತು: ಒಂದು ಕಪ್ಪು ಚಹಾ ಆರುವಷ್ಟು. ನನ್ನ ಹತ್ತೂ ಬೆರಳು ಹೋಳಿ ಹುಣ್ಣಿಮೆಯ ಹಲಗೆ ಬಾರಿಸಿದ ಹಾಗೆ ತೊಡೆಯ ಮೇಲೆ ಕುಣಿಯುತ್ತಿದ್ದವು.

"ಅಪ್ಪಾ, ಲಗೂನ ಹೇಳ!"

"ದೇವರು ಬ್ಯಾಡ ಅಂದದ್ದನ್ನ ಇನ್ನೊಂದ ಬಾಗಲದಿಂದ ಹೋಗಿ ಕೇಳೂದು ಸರಿ ಅಲ್ಲ ಯವ್ವಾ," ಎಂದ ಅಪ್ಪ.

ಆಯಿ ಪಕಪಕ ನಕ್ಕಳು. "ಬ್ಯಾಡ ಅಂದಾವ ದೇವರೋ, ಹೂವ ಸರಿ ಇದ್ದಿದ್ದಿಲ್ಲೋ, ನೋಡಬೇಕಲ್ಲೋ ತಮ್ಮಾ? ನಿನ್ನ ಲಗ್ನಕ್ಕ ಕೇಳಿದಾಗ ಮೊದಲ ಎಡಕ್ಕ ಬಿದ್ದಿತ್ತು. ನಾವೇನ ಸುಮ್ಮನ ಕುಂತಿವೇನು? ಹೂವ ಬದಲಿ ಮಾಡಿ ಮತ್ತ ಕೇಳಿದಿವಿ."

ಅಡುಗೆಮನೆಯಲ್ಲಿ ಪಾತ್ರೆಯ ಸಪ್ಪಳ ನಿಂತಿತು. ಅವ್ವ ಸೌಟಿನ ಸಮೇತ ಹೊರಗೆ ಬಂದಳು.

"ಹೌದನರಿ ಅತ್ತಿ? ನನ್ನ ಸಲವಾಗಿ ಕೇಳಿದಾಗ ಎಡಕ್ಕ ಬಿದ್ದಿತ್ತ?"

"ಮಲ್ಲಿಗಿ ಇತ್ತವ್ವಾ, ಹಗೂರ. ಗಾಳಿಗಿ ಬಿತ್ತು. ಕಣಗಿಲ ಇಟ್ಟಕೂಡಲೆ ಬಲಕ್ಕ ಬಂತು."

"ಕಣಗಿಲ! ಇಷ್ಟ ವರ್ಷ ಒಬ್ಬರರೆ ಹೇಳಿದಿರೇನ್ರಿ?" ಸೌಟು ನಿಧಾನವಾಗಿ ಅಪ್ಪನ ಕಡೆ ತಿರುಗಿತು.

"ಬದಲಿ ಮಾಡು," ಎಂದ ಅಪ್ಪ ಅಕ್ಕನಿಗೆ, ಚಷ್ಮಾ ಸೊಟ್ಟಗೆ ಏರಿಸಿಕೊಳ್ಳುತ್ತ. "ಈಗಿಂದೀಗ ಮಾಡು."

ಅಕ್ಕ ಒಳಗಿನ ಪಟ್ಟಿ ತೆರೆದಳು. ಲಿಂಕುಗಳನ್ನು ತೆರೆಯುವವರು ಯಾರು ಎಂಬಲ್ಲಿ ನೀಲಿಯನ್ನು ಇಳಿಸಿ ಬುಗುರಿಯನ್ನು ಕೂರಿಸಿದಳು. ಮೇಲಿಗೆ ಮರಳಿ 'ಇಲ್ಲಿ ಒತ್ತಿ' ಒತ್ತಿದಳು. ಬುಗುರಿ ಎದ್ದಿತು, ತಿರುಗಿತು, ತಿರುಗುತ್ತಲೇ ಇತ್ತು. ಟೊಂಯ್, ಟೊಂಯ್. ಆಮೇಲೆ ಪುಟ ಇಡಿಯಾಗಿ ಬಿಚ್ಚಿಕೊಂಡಿತು. ಅಕ್ಕನ ಹೆಸರು, ಕೋರ್ಸಿನ ಹೆಸರು, ತಳದಲ್ಲಿ ಹಸಿರು ಗುಂಡಿ: ಒಪ್ಪಿಗೆ. ನೀಲಿ ಮುದುಕ ಇಷ್ಟೊತ್ತು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದದ್ದು ಇದನ್ನೇ.

ಅಕ್ಕ ಒತ್ತಲಿಲ್ಲ. ಅಪ್ಪನನ್ನು ನೋಡಿದಳು.

"ನನ್ನ ಮಾರಿ ಏನ್ ನೋಡ್ತಿ? ಯುಪಿಎಸ್ಸಿನ ಮಾರಿ ನೋಡು. ಒತ್ತವಾ."

ಒತ್ತಿದಳು. ಯುಪಿಎಸ್ಸಿನ ಜೀವ ಹೋಗಿ ಪರದೆ ಕಪ್ಪಾಯಿತು. ಒಪ್ಪಿಗೆ ತಲುಪಿತೋ, ನಡುವೆಯೇ ಕಳೆದುಹೋಯಿತೋ? ಆ ಮಧ್ಯಾಹ್ನ ನಮ್ಮ ಮನೆಯಲ್ಲಿ ಯಾರೂ ಕೂರಲಿಲ್ಲ. ಅಪ್ಪನಂತೂ ಬಾಗಿಲಿಗೂ ಮೀಟರಿಗೂ ನಡುವೆ ತಿರುಗಾಡಿದ ದೂರವನ್ನು ಒಂದೇ ದಾರಿಯಲ್ಲಿ ನಡೆದಿದ್ದರೆ ಧಾರವಾಡ ಮುಟ್ಟುತ್ತಿದ್ದ. ಕರೆಂಟು ಬಂದಾಗ ಮೇಲ್ ಡಬ್ಬಿಯಲ್ಲಿ ಹೊಸದೊಂದು ಬಿದ್ದಿತ್ತು: ನಿಮ್ಮ ಒಪ್ಪಿಗೆ ಬಂದಿದೆ. ಆಯಿ ಬುಗುರಿಯ ಚಿತ್ರದ ಮೇಲೆ ವಿಭೂತಿ ಎಳೆದಳು. ಅವ್ವ ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ, ಮಲ್ಲಿಗೆ ಮುಡಿಯಲೂ ಇಲ್ಲ.

ಈಗ ಅಕ್ಕ ಧಾರವಾಡದಿಂದ ಮೇಲ್ ಕಳಿಸುತ್ತಾಳೆ. ಲಿಂಕು ಒತ್ತಿದರೆ ಮಣ್ಣಿನ ಗುಂಡಿಗಳ ಫೋಟೋ: ಕೆಂಪು, ಕಪ್ಪು, ಸವಳು. ಅಪ್ಪ ಸ್ನಾನಕ್ಕೂ ಮುಂಚೆ ನೋಡುತ್ತಾನೆ. ಇವತ್ತೂ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಹಿಂದೆ ನಿಂತಿದ್ದ. ಆಗಲೇ ಆ ಚೌಕ ಎದ್ದದ್ದು, ನನ್ನ ಬೆರಳು ಗಾಳಿಯಲ್ಲಿ ನಿಂತದ್ದು.

"ಅಪ್ಪಾ, ನಿನ್ನ ನೀಲಿ ಇದು. ಮತ್ತ ಕಾಯಂ ಮಾಡ ಅನ್ನಾಕತ್ತೈತಿ. ಹೂಂ ಅನ್ನಲೇನು?"

ಅಪ್ಪ ಹಳೆಯ ಗೆಳೆಯನನ್ನು ಸಂತೆಯಲ್ಲಿ ಕಂಡವನಂತೆ ಅದನ್ನೇ ನೋಡಿದ. 'ನೋಡೂನು' ಬರುತ್ತದೆಂದು ನಾನು ಕಾದೆ.

"ಬ್ಯಾಡ ಅನ್ನು," ಎಂದ. "ಆಕಿ ದೀಪಾವಳಿಗೆ ಬರ್ತಾಳಲ್ಲ, ಆಕೀನ್ನ ಕೇಳೂನು."

ಈ ಮನೆಯಲ್ಲಿ ದೇವರನ್ನು ಕೇಳಿದ್ದನ್ನು ನೋಡಿದ್ದೇನೆ, ಆಯಿಯನ್ನು ಕೇಳಿದ್ದನ್ನು ನೋಡಿದ್ದೇನೆ. ಅಪ್ಪ ಅಕ್ಕನನ್ನು ಕೇಳುತ್ತೇನೆ ಅಂದದ್ದು ಇದೇ ಮೊದಲು. ನಾನು 'ಈಗ ಬೇಡ' ಒತ್ತಿದೆ. ಆಮೇಲೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು, ಅಪ್ಪ ಫೋಟೋ ನೋಡಿ ಮುಗಿಸುವ ತನಕ, ಏನನ್ನೂ ಮುಟ್ಟದೆ ಕೂತೆ.