ಸೂತಕದ ಮನೆಯಲ್ಲಿ ಕೃಷ್ಣ

ನಮ್ಮ ಶುಕ್ರವಾರದ ಭಜನಾ ಮಂಡಳಿಯ ದೇವರಿಗೆ ಸ್ವಂತ ಮನೆಯಿಲ್ಲ. ಗೇಣುದ್ದದ ಪಂಚಲೋಹದ ಕೃಷ್ಣ. ದೋಹಾದಲ್ಲಿ ನಮ್ಮ ಹಾಗೇ ಅವನೂ ಬಾಡಿಗೆಮನೆಯವನು. ವಾರಕ್ಕೊಬ್ಬರ ಮನೆಯಲ್ಲಿರುತ್ತಾನೆ. ಭಜನೆ ಮುಗಿದು ಬಿಸಿಬೇಳೆಬಾತ್ ಖಾಲಿಯಾದ ಮೇಲೆ ಮುಂದಿನ ಸರದಿಯವರು ಅವನನ್ನು ರೇಷ್ಮೆ ವಸ್ತ್ರದಲ್ಲಿ ಸುತ್ತಿ, ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟ್ ಬಿಗಿದು ಕರೆದೊಯ್ಯುತ್ತಾರೆ. "ಈ ವಾರ ದೇವರು ಯಾರ ಮನೇಲಿ?" ಎಂದು ವಾಟ್ಸಾಪಿನಲ್ಲಿ ಯಾರಾದರೂ ಕೇಳಿದರೆ, ಊಟಕ್ಕೆ ಏನು ಎಂದೂ ಕೇಳಿದಂತೆಯೇ.

ಇಲ್ಲಿನ ಅಲ್ ಥುಮಾಮಾ ಬಡಾವಣೆಯಲ್ಲಿ ನಾನೊಬ್ಬನೇ ಇರುವ ಫ್ಲ್ಯಾಟಿಗೆ ಅವನು ಬಂದ ವಾರವೇ ಮೈಸೂರಿನಲ್ಲಿ ನನ್ನ ತಮ್ಮ ಡೆಂಗಿಯಿಂದ ಆಸ್ಪತ್ರೆ ಸೇರಿದ. ದೇವರೇ ಮನೆಯಲ್ಲಿರುವಾಗ ಬೇರೆ ಶಿಫಾರಸು ಯಾಕೆ ಎಂದುಕೊಂಡೆ. ತುಪ್ಪದ ದೀಪ ಹಚ್ಚಿದೆ. ಆಫೀಸಿನ ಮೀಟಿಂಗನ್ನು ಮ್ಯೂಟ್ ಮಾಡಿ ಸಹಸ್ರನಾಮ ಓದಿದೆ. ತಮ್ಮ ಹೋಗಿಬಿಟ್ಟ. ಕೃಷ್ಣನನ್ನು ಒಳಗೇ ಬಿಟ್ಟು, ಬೀಗ ಹಾಕಿ, ಸಿಕ್ಕ ವಿಮಾನ ಹತ್ತಿದೆ.

ಸಂಸ್ಕಾರ ಮುಗಿಸಿ, ಅಸ್ಥಿ ಬಿಟ್ಟು ಹಿಂತಿರುಗಿದೆ. ಕಂಪನಿ ರಜೆ ಕೊಡುವ ಸೂತಕ ಶಾಸ್ತ್ರದ ಸೂತಕಕ್ಕಿಂತ ಬಹಳ ಚಿಕ್ಕದು. ವಿಮಾನದಲ್ಲಿ ಓದಿದ್ದು ನಾಜಿ ಶಿಬಿರದಿಂದ ಬದುಕಿ ಬಂದ ಯಹೂದಿಯೊಬ್ಬರ ನೆನಪುಗಳನ್ನು. ಅದರಲ್ಲೊಬ್ಬ ಮುದುಕ. ಮಗ ಪಕ್ಕದಲ್ಲೇ ಸತ್ತ ಮೇಲೆ ಅವನು ಪ್ರಾರ್ಥನೆ ನಿಲ್ಲಿಸುತ್ತಾನೆ. ಆದರೆ ಬೆಳಗಾದರೆ ದೇವರನ್ನು ಬೈಯುವುದನ್ನು ಮಾತ್ರ ತಪ್ಪಿಸುವುದಿಲ್ಲ. ನಂಬಿಕೆ ಹೋದ ಮೇಲೆ ಬೈಗುಳ ಯಾರಿಗೆ ಎಂದು ನನಗೆ ಅರ್ಥವಾಗಲಿಲ್ಲ. ಆ ಶಿಬಿರದವರ ದುಃಖದ ಪಕ್ಕದಲ್ಲಿ ನನ್ನದನ್ನಿಡಲು ನಾಚಿಕೆಯೂ ಆಯಿತು. ನನ್ನ ತಮ್ಮನಿಗೆ ಹಾಸಿಗೆಯಿತ್ತು, ಡ್ರಿಪ್ ಇತ್ತು, ಅಳಲು ನಾವಿದ್ದೆವು. ಆದರೂ ಇಳಿಯುವಷ್ಟರಲ್ಲಿ ತೀರ್ಮಾನಿಸಿದ್ದೆ: ಕೃಷ್ಣನನ್ನು ಮಂಡಳಿಗೆ ಒಪ್ಪಿಸುವುದು, ಅವನ ಸಹವಾಸ ಖಲಾಸ್.

ಅಷ್ಟರಲ್ಲಿ ಮಂಡಳಿಗೂ ಅವನದೇ ಚಿಂತೆ ಹತ್ತಿತ್ತು. ಫೋನ್ ತೆರೆದರೆ ಮೊದಲು ಕೈಮುಗಿದ ಚಿತ್ರಗಳು, ಆಮೇಲೆ ಚರ್ಚೆ. ದೇವರು ನೈವೇದ್ಯವಿಲ್ಲದೆ ಬಂದಿಯಾಗಿದ್ದಾನೆ. ಸೂತಕದವನು ಮುಟ್ಟುವಂತಿಲ್ಲ, ಉಳಿದವರು ಸೂತಕದ ಮನೆಯೊಳಗೆ ಕಾಲಿಡುವಂತಿಲ್ಲ. ವಾಚ್‌ಮನ್ ಕೈಗೆ ಗ್ಲೌಸ್ ಹಾಕಿಸಿ ತರಿಸಬಹುದು ಎಂದು ಒಬ್ಬರು ಬರೆದಿದ್ದರು. ಇನ್ನೊಬ್ಬರು ಕೇಳಿದ್ದರು: ಎಸಿ ಆನ್ ಇದೆಯಾ?

ಸಂಜೆ ಮಂಡಳಿಯ ಹಿರಿಯರೊಬ್ಬರು ತಾವೇ ಬಂದು, ನನ್ನ ಬಾಗಿಲಿಗೆ ಬರದೆ ಲಿಫ್ಟಿನ ಹತ್ತಿರವೇ ನಿಂತರು.

"ಸಾರ್, ಸ್ವಲ್ಪ ಹಿಂದಕ್ಕೆ ನಿಂತ್ಕೊಳ್ಳಿ. ಬೇಜಾರ್ ಮಾಡ್ಕೋಬೇಡಿ. ಎಲ್ಲಾ ಪೂರ್ವಜನ್ಮದ ಕರ್ಮ. ಅವರವರು ತಂದಿದ್ದನ್ನ ಅವರವರೇ ಅನುಭವಿಸ್ಬೇಕು."

"ನಾಜಿಗಳು ಕೊಂದ ಮಕ್ಕಳೂ ತಂದಿದ್ರಾ ಸಾರ್?"

"ಅದು... ಸಾಮೂಹಿಕ ಕರ್ಮ ಅಂತಾರೆ. ಯಲ್ಲಾ, ಹೊರಡೋಣ, ಲೇಟಾಗ್ತಿದೆ. ಅಬು ಹಮೂರಲ್ಲಿ ಈ ವಾರದ ಸರದಿಯವರ ಮನೇಲಿ ಎಲ್ಲಾ ಕಾಯ್ತಿದಾರೆ. ಹೊಸ ಪಂಚೆ ತಂದಿದೀನಿ, ಕೈ ತಾಗದ ಹಾಗೆ ಅದರಲ್ಲಿ ಸುತ್ತಿ ಹೊಸಿಲ ಮೇಲಿಟ್ಬಿಡಿ. ಸಾವಿನ ಮನೇಲಿದ್ರೆ ದೇವರಿಗೆ ಮೈಲಿಗೆ."

ಆ ಮಾತು ಬರುವವರೆಗೂ ಕೊಟ್ಟುಬಿಡುವವನೇ ಇದ್ದೆ. ಮೈ ಉರಿದುಹೋಯಿತು. ನನ್ನ ತಮ್ಮ ಸಾಯುವಾಗ ಈ ಮನೆಯಲ್ಲಿ ಕೂತು ಸಹಸ್ರನಾಮ ಹೇಳಿಸಿಕೊಂಡವನು, ಈಗ ಮೈಲಿಗೆ ಎಂದು ಪಂಚೆ ಸುತ್ತಿಕೊಂಡು ಬಿಸಿಬೇಳೆಬಾತಿಗೆ ಹೊರಟನೇ? ಶಿಬಿರದಲ್ಲಿ ಹೆಣಗಳ ನಡುವೆ ಆ ಮುದುಕ ತನ್ನ ದೇವರನ್ನು ಬೈಯುತ್ತಲೇ ಯಾಕೆ ಹಿಡಿದಿಟ್ಟುಕೊಂಡಿದ್ದ ಎಂಬುದು ಆಗ ತಿಳಿಯಿತು.

"ಕೊಡಲ್ಲ ಸಾರ್."

"ಅಂದ್ರೆ?"

"ಸೂತಕ ಮುಗಿಯೋವರೆಗೂ ಇಲ್ಲೇ ಇರ್ತಾನೆ. ಅವನಿಗೂ ಸೂತಕ."

ಬಾಗಿಲು ಹಾಕಿಕೊಂಡೆ. ದೀಪ ಹಚ್ಚಲಿಲ್ಲ, ಕೈ ಮುಗಿಯಲಿಲ್ಲ. ಎದುರಿಗೆ ನೆಲದ ಮೇಲೆ ಕೂತೆ. ಊರಲ್ಲಿ ಅಮ್ಮನ ಮುಂದೆ ಅಳಲು ಆಗಿರಲಿಲ್ಲ. ಇಲ್ಲಿ ಬಾಯಿಗೆ ಬಂದಂತೆ ಬೈದೆ. ಬೈಯುತ್ತಾ ಬೈಯುತ್ತಾ ಅತ್ತೆ. ಅವನು ಕೊಳಲು ಹಿಡಿದು ನಗುತ್ತಲೇ ಇದ್ದ.

"ನನ್ನ ತಮ್ಮನ್ನ ಏನು ಮಾಡಿದೆಯೋ?" ಎಂದು ಕೇಳಿದೆ.